ಅಜ್ಜಿಯ ಟ್ರಂಕಿನ ಚಾರ್‌ಮಿನಾರ್, ಜಾತ್ರೆಯ ರಾಮ ದರ್ಬಾರ್: ಸಂಗ್ರಹದಲ್ಲಿ ಯಾವ ನಾಣ್ಯಕ್ಕೆ ಜಾಗ?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದೇನೆ. ಅಜ್ಜಿಯ ಟ್ರಂಕಿನಲ್ಲಿ ಚಾರ್‌ಮಿನಾರ್ ಚಿತ್ರದ ಬೆಳ್ಳಿ ನಾಣ್ಯಗಳು ಸಿಕ್ಕಿದ್ದರಿಂದ ಈ ಹವ್ಯಾಸ ಹತ್ತಿತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಳ್ಳುತ್ತ ಬಂದು ಈಗ ಎಂಟುನೂರರಷ್ಟು ಸೇರಿವೆ: ನಿಜಾಮರವು, ಬ್ರಿಟಿಷರವು, ಗಲ್ಫ್ ದೇಶದವು, ಹೊಸ ಹತ್ತು ರೂಪಾಯಿಯವು, ಓದಲು ಬಾರದ ತಾಮ್ರದ ಬಿಲ್ಲೆಗಳು, ಜಾತ್ರೆಯಲ್ಲಿ ಕೊಂಡ 1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ ದರ್ಬಾರ್ ನಾಣ್ಯ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಹೊಲ ಉಳುವಾಗ ಸಿಕ್ಕ ನಾಣ್ಯಗಳನ್ನು ಕೊಡುತ್ತೇನೆಂದು ಒಬ್ಬರು ಬಂದಿದ್ದಾರೆ, ಕೊಳ್ಳಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾನೂನಿನ ಮಾತು. ಕೊಳ್ಳಬೇಡಿ. ನೆಲದಲ್ಲಿ ಹುದುಗಿ ಸಿಕ್ಕ ಹಳೆಯ ನಾಣ್ಯದ ಗಂಟು ನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಈ ಕಾಯ್ದೆಯ ಪ್ರಕಾರ, ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಸಿಕ್ಕವರಿಗೆ ಬರಬಹುದಾದ ಪಾಲೂ ಹೋಗುತ್ತದೆ, ಶಿಕ್ಷೆಯೂ ಆಗುತ್ತದೆ. ಬಂದವರಿಗೆ ತಹಶೀಲ್ದಾರ್ ಕಚೇರಿಗೆ ಹೋಗಲು ಹೇಳಿ. ನಮ್ಮ ಭಾಗದಲ್ಲಿ ಇದು ಬರೀ ಕಾಗದದ ನಿಯಮವಲ್ಲ. ಭೀಮಾ ತೀರದ ಸನ್ನತಿ, ಸೇಡಂ ತಾಲ್ಲೂಕಿನ ಮಳಖೇಡ, ನಿಮ್ಮ ಪಕ್ಕದ ಸಗರ, ಇಂಥ ಊರುಗಳ ನೆಲದಲ್ಲಿ ನಾಣ್ಯ ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದೇ ಚರಿತ್ರೆ. ಒಂದು ಗಂಟು ನಾಲ್ಕು ಕೈಗೆ ಹಂಚಿಹೋದರೆ ಆ ಚರಿತ್ರೆ ಮತ್ತೆ ಕೂಡಿಬರುವುದಿಲ್ಲ. ಎಲ್ಲಿಂದ ಬಂತೆಂದು ಹೇಳಲಾಗದ ನಾಣ್ಯಕ್ಕೆ ಸಂಗ್ರಹದಲ್ಲಿ ಜಾಗವಿಲ್ಲ ಎಂಬುದನ್ನು ನಿಮ್ಮ ಮೊದಲ ನಿಯಮವಾಗಿಟ್ಟುಕೊಳ್ಳಿ.

ಇನ್ನು ಎಂಟುನೂರರ ರಾಶಿ. ನಾಣ್ಯಗಳನ್ನು ಒಂದೊಂದಾಗಿ ಎತ್ತಿ ಇದು ಇರಲೋ ಬೇಡವೋ ಎಂದು ಯೋಚಿಸುತ್ತ ಕೂತರೆ ಯಾವುದನ್ನೂ ಬಿಡಲು ಮನಸ್ಸಾಗುವುದಿಲ್ಲ. ಅನುಭವಿ ಸಂಗ್ರಾಹಕರು ಮೊದಲು ಎಲ್ಲೆ ಹಾಕಿಕೊಳ್ಳುತ್ತಾರೆ, ನಾಣ್ಯವನ್ನು ಆಮೇಲೆ ನೋಡುತ್ತಾರೆ. ಎಲ್ಲೆ ಎಂದರೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದ ಒಂದೇ ಒಂದು ವಾಕ್ಯ. ಯಾರ ನಾಣ್ಯ ಅಥವಾ ಯಾವ ಸೀಮೆಯ ನಾಣ್ಯ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಷ್ಟು ಆಳಕ್ಕೆ ಎಂಬ ಮೂರೂ ಅದರಲ್ಲಿರಬೇಕು. ‘ಹಳೆಯ ಭಾರತೀಯ ನಾಣ್ಯಗಳು’ ಎಂದು ಬರೆದರೆ ಅದು ಎಲ್ಲೆಯಲ್ಲ, ಎರಡೂವರೆ ಸಾವಿರ ವರ್ಷದ ಬಯಲು.

ನಿಮ್ಮ ಊರು, ಅಜ್ಜಿಯ ಟ್ರಂಕು ಎರಡನ್ನೂ ನೋಡಿ ನಾನು ಸೂಚಿಸುವ ವಾಕ್ಯ ಇದು: ‘ಇಂದಿನ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸಂತೆಯಲ್ಲಿ 1903ರಿಂದ 1959ರವರೆಗೆ ನಡೆದ ನಾಣ್ಯಗಳು, ಪ್ರತಿ ಮಾದರಿಗೆ ಒಂದು.’ 1903ಕ್ಕೂ 1959ಕ್ಕೂ ಕಾರಣವಿದೆ. ಹಿಜರಿ 1321, ಅಂದರೆ 1903–04ರಿಂದ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದ ಯಂತ್ರದಚ್ಚಿನ ಚಾರ್‌ಮಿನಾರ್ ರೂಪಾಯಿ ಬಂತು. ಹೈದರಾಬಾದಿನ ಟಂಕಸಾಲೆ ಸೈಫಾಬಾದಿಗೆ ಹೋದದ್ದೂ 1903ರಲ್ಲೇ. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಮುಗಿದರೂ ಅದರ ಹಣ ಭಾರತದ ಹಣದ ಪಕ್ಕದಲ್ಲೇ 1959ರವರೆಗೆ ನಡೆಯಿತು. ಹೀಗಾಗಿ ಈ ಐವತ್ತಾರು ವರ್ಷಗಳಲ್ಲಿ ನಮ್ಮ ಸಂತೆಯ ಒಂದೇ ಚೀಲದಲ್ಲಿ ನಿಜಾಮರ ಹಣವಾದ ಹಾಲಿ ಸಿಕ್ಕಾ ಇತ್ತು, ಜಾರ್ಜ್ ದೊರೆಯ ಕಲದಾರ, ಅಂದರೆ ಬ್ರಿಟಿಷ್ ರೂಪಾಯಿ ಇತ್ತು, 1950ರ ನಂತರ ಸಿಂಹಮುಖದ ಆಣೆಗಳು ಬಂದವು, 1957ರ ಏಪ್ರಿಲ್‌ನಿಂದ ನಯಾ ಪೈಸೆಯೂ ಕೂಡಿಕೊಂಡಿತು. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಆರು ಕಲದಾರ ಎಂಬ ಲೆಕ್ಕವನ್ನು ವ್ಯಾಪಾರಿಗಳು ಬಾಯಲ್ಲೇ ಹಾಕುತ್ತಿದ್ದರು. ಮೈಸೂರಿನವರ ಸಂಗ್ರಹದಲ್ಲಾಗಲಿ ಧಾರವಾಡದವರ ಸಂಗ್ರಹದಲ್ಲಾಗಲಿ ಈ ಕೂಟ ಸಹಜವಾಗಿ ಬರುವುದಿಲ್ಲ. ನಿಮಗೆ ಅದು ಮನೆಯಲ್ಲೇ ಇದೆ. ಅಷ್ಟೇ ಅಲ್ಲ, ಚಿನ್ನದ ಅಶ್ರಫಿಯೊಂದನ್ನು ಬಿಟ್ಟರೆ ಶಿಕ್ಷಕರ ಸಂಬಳದಲ್ಲಿ ಪೂರ್ತಿ ಮಾಡಬಹುದಾದ ಸಂಗ್ರಹವೂ ಹೌದು.

ಆಳದ ಮಾತು ಬಿಡಿಸಿ ಹೇಳಬೇಕು, ದುಡ್ಡು ಪೋಲಾಗುವುದು ಇಲ್ಲಿಯೇ. ಮಾದರಿ ಸಂಗ್ರಹದಲ್ಲಿ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಬೆಳ್ಳಿ ರೂಪಾಯಿಗೆ ಆಲ್ಬಮ್ಮಿನ ಒಂದೆರಡು ಮನೆ ಸಾಕು. ವರ್ಷವಾರು ಸಂಗ್ರಹವಾದರೆ ಅದೇ ರೂಪಾಯಿಗೆ ಹತ್ತಾರು ಮನೆ ಬೇಕು. ಅಚ್ಚಿನ ಸಣ್ಣ ಭೇದಗಳನ್ನೂ ಸೇರಿಸಿದರೆ ಇನ್ನೂ ಬೆಳೆಯುತ್ತದೆ. ಮೊದಲು ಮಾದರಿ ಪೂರ್ತಿ ಮಾಡಿ. ಆಮೇಲೆ ಯಾವುದಾದರೂ ಒಂದು ಮುಖಬೆಲೆಯನ್ನು ಮಾತ್ರ, ಉದಾಹರಣೆಗೆ ನಾಲ್ಕಾಣೆಯನ್ನು, ವರ್ಷವಾರು ಬೆಳೆಸಿ. ಎಲ್ಲವನ್ನೂ ವರ್ಷವಾರು ಶುರುಮಾಡಿದವರ ಆಲ್ಬಮ್‌ಗಳಲ್ಲಿ ಖಾಲಿ ಮನೆಗಳೇ ಹೆಚ್ಚು.

ಚಾರ್‌ಮಿನಾರ್ ರಾಶಿಯನ್ನು ಮೊದಲು ತೆಗೆದುಕೊಳ್ಳಿ. ನಾಣ್ಯದ ಮೇಲೆ 92 ಎಂಬ ಅಂಕಿ ಕಾಣುತ್ತದೆ. ಅದು ವರ್ಷವಲ್ಲ. ಮುಹಮ್ಮದ್ ಎಂಬ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೆ ಬರುವ ಮೊತ್ತ, ಎಲ್ಲ ವರ್ಷದ ನಾಣ್ಯದಲ್ಲೂ ಅಷ್ಟೇ ಇರುತ್ತದೆ. ವರ್ಷ ಎರಡು ಕಡೆ ಇದೆ. ಚಾರ್‌ಮಿನಾರ್ ಇರುವ ಬದಿಯಲ್ಲಿ ನಾಲ್ಕಂಕಿಯ ಹಿಜರಿ ವರ್ಷ, ಹಿಂಬದಿಯಲ್ಲಿ ದೊರೆ ಪಟ್ಟಕ್ಕೆ ಬಂದ ಎಷ್ಟನೇ ವರ್ಷ ಎಂಬ ಅಂಕಿ. ಈ ಅಂಕಿಗಳಲ್ಲಿ ಸೊನ್ನೆಗೆ ಬರೀ ಚುಕ್ಕೆ. ಎರಡು ಗೆರೆ ಕೆಳಗೆ ಕೂಡಿದ್ದರೆ ಏಳು, ಮೇಲೆ ಕೂಡಿದ್ದರೆ ಎಂಟು. ನಾಣ್ಯವನ್ನು ತಲೆಕೆಳಗಾಗಿ ಹಿಡಿದರೆ ಇವೆರಡೂ ಅದಲುಬದಲಾಗುತ್ತವೆ, ಆದ್ದರಿಂದ ಮಿನಾರುಗಳ ತುದಿ ಮೇಲಿದೆಯೆಂದು ನೋಡಿಕೊಂಡೇ ಓದಿ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತವರ್ಷ ಸಿಗುತ್ತದೆ. 1343 ಇದ್ದರೆ 1924.7, ಅಂದರೆ 1924–25.

ಹಿಜರಿ ವರ್ಷ ಶುರುವಾಗುವ ದಿನವೂ ಪಟ್ಟದ ವರ್ಷ ಶುರುವಾಗುವ ದಿನವೂ ಬೇರೆ ಬೇರೆ. ಹಾಗಾಗಿ ಒಂದೇ ಹಿಜರಿ ವರ್ಷದ ಜೊತೆ ಎರಡು ಪಟ್ಟದ ವರ್ಷಗಳು ಬರಬಹುದು. ಹಿಂಬದಿ ನೋಡದೆ ‘ಇದು ಆಗಲೇ ಇದೆ’ ಎಂದು ಮಾರಿಬಿಡುವುದು ಹೊಸಬರಿಗೆ ಸಾಮಾನ್ಯವಾಗಿ ಆಗುವ ನಷ್ಟ.

ಆಮೇಲೆ ಚಾರ್‌ಮಿನಾರಿನ ನಡುವಿನ ಬಾಗಿಲನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಪುಟ್ಟ ಉಂಡೆಗೆ ಬಾಲ ಬಂದಂತಿದ್ದರೆ ಅದು ‘ಮೀಮ್’, ಮಹಬೂಬರ ಮೊದಲಕ್ಷರ. ಬಾಯ್ತೆರೆದ ಕೊಕ್ಕೆಯಂತಿದ್ದರೆ ‘ಐನ್’, ಉಸ್ಮಾನರದ್ದು. ಉಸ್ಮಾನರ ಆರಂಭದ ನಾಣ್ಯಗಳಲ್ಲಿ ಐನ್ ಅರ್ಧ ಮಾತ್ರ ಇದೆ, ನಂತರದವುಗಳಲ್ಲಿ ಪೂರ್ತಿ ಇದೆ. ಹೀಗೆ ಮೂರು ಬಾಗಿಲು, ಮೂರು ಮಾದರಿ. ಸಣ್ಣ ಚಿಲ್ಲರೆಯಲ್ಲಿ ತೂತಿರುವ ಎರಡು ಪೈ, ಚೌಕಾಕಾರದ ಕಂಚಿನ ಒಂದಾಣೆ, ಕೊನೆಯ ವರ್ಷಗಳ ನಿಕಲ್ ಎರಡಾಣೆ, ನಾಲ್ಕಾಣೆ, ಎಂಟಾಣೆ ಇವೆಲ್ಲ ಬೇರೆ ಬೇರೆ ಮನೆಗೆ ಹೋಗಬೇಕಾದವು. ನಿಕಲ್ಲೋ ಬೆಳ್ಳಿಯೋ ಎಂಬ ಅನುಮಾನ ಬಂದರೆ ಅಯಸ್ಕಾಂತ ಹಿಡಿಯಿರಿ. ಶುದ್ಧ ನಿಕಲ್ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.

ತೂಕದ ಯಂತ್ರ 0.01 ಗ್ರಾಂ ತೋರಿಸುವಂಥದ್ದೇ ಬೇಕು. ನಿಜಾಮರ ಬೆಳ್ಳಿ ರೂಪಾಯಿಯ ತೂಕ 11.18 ಗ್ರಾಂ, ಬೆಳ್ಳಿಯ ಅಂಶ ಶೇಕಡ 81.8. ಎಂಟಾಣೆ 5.59, ನಾಲ್ಕಾಣೆ 2.79, ಎರಡಾಣೆ 1.40. ಕಲದಾರದ ಲೆಕ್ಕ ಬೇರೆ: ರೂಪಾಯಿಗೆ 11.66 ಗ್ರಾಂ, ಬೆಳ್ಳಿ ಶೇಕಡ 91.7. 1940ರಿಂದ ಅದು ಶೇಕಡ 50ಕ್ಕೆ ಇಳಿಯಿತು. ಸವೆದ ನಾಣ್ಯ ಒಂದು ಗ್ರಾಮಿನ ಹತ್ತನೇ ಒಂದೆರಡು ಪಾಲು ಕಡಿಮೆ ತೂಗಿದರೆ ಚಿಂತೆಯಿಲ್ಲ. ಹೆಚ್ಚು ತೂಗಿದರೆ ಅನುಮಾನಿಸಿ.

ತೂಕ ಸರಿಯಿದ್ದೂ ಲೋಹ ಸುಳ್ಳಾಗಿರಬಹುದು. ಅದಕ್ಕೆ ನೀರಿನ ಪರೀಕ್ಷೆಯಿದೆ. ಸಣ್ಣ ಲೋಟದಲ್ಲಿ ನೀರು ತುಂಬಿ ತೂಕದ ಯಂತ್ರದ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಕೈಯಲ್ಲೇ ಹಿಡಿಯಿರಿ. ಮೈಗೆ ಅಂಟಿದ ಗಾಳಿಗುಳ್ಳೆಗಳನ್ನು ದಾರ ಅಲುಗಿಸಿ ಬಿಡಿಸಿ. ಈಗ ಯಂತ್ರ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಲೋಹದ ಸಾಂದ್ರತೆ. ನಿಜಾಮರ ರೂಪಾಯಿಗೆ ಸರಿದ ನೀರಿನ ತೂಕ 1.10 ಗ್ರಾಮಿನ ಆಸುಪಾಸು ಬರಬೇಕು, ಸಾಂದ್ರತೆ 10.2ರ ಹತ್ತಿರ. ಅದೇ ತೂಕದ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ನಕಲಿಗೆ 1.28ರಷ್ಟು ಬರುತ್ತದೆ. ಹಳೆಯ ಕಲದಾರಕ್ಕೆ 1.13, 1940ರ ನಂತರದ್ದಕ್ಕೆ ಸುಮಾರು 1.2. ಕಾಲು ರೂಪಾಯಿಗಿಂತ ಸಣ್ಣ ನಾಣ್ಯಕ್ಕೆ ಈ ಪರೀಕ್ಷೆ ನಂಬಬೇಡಿ. ಸರಿಸುವ ನೀರೇ ಅಷ್ಟು ಕಡಿಮೆಯಾದಾಗ ಯಂತ್ರದ ಒಂದಂಕಿಯ ತಪ್ಪು ಫಲಿತಾಂಶವನ್ನೇ ಬದಲಿಸುತ್ತದೆ.

ಸ್ಥಿತಿಯ ವಿಷಯದಲ್ಲಿ ನಮ್ಮ ಮನೆಗಳ ನಾಣ್ಯಗಳಿಗೆ ಎರಡು ಪೆಟ್ಟು ಸಾಮಾನ್ಯ. ಒಂದು, ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರತಿ ವರ್ಷ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದು. ಇನ್ನೊಂದು, ಸರಕ್ಕೆ ಪೋಣಿಸಲು ಕುಣಿಕೆ ಬೆಸೆದದ್ದು. ತಿಕ್ಕಿದ ಬೆಳ್ಳಿಯನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದರೆ ಒಂದೇ ದಿಕ್ಕಿನ ಕೂದಲೆಳೆ ಗೆರೆಗಳು ಕಾಣುತ್ತವೆ. ಕುಣಿಕೆ ಕಿತ್ತ ನಾಣ್ಯದಲ್ಲಿ ಅಂಚಿನ ಗೆರೆಗಳು ಒಂದು ಕಡೆ ಅಳಿಸಿ, ಅಲ್ಲಿ ಬೆಸುಗೆಯ ಬಣ್ಣ ಉಳಿದಿರುತ್ತದೆ. ಸುಲಭವಾಗಿ ಸಿಗುವ ವರ್ಷದ ನಾಣ್ಯ ಹೀಗಿದ್ದರೆ ಕೊಳ್ಳಬೇಡಿ, ಸ್ವಚ್ಛವಾದದ್ದು ಸಿಕ್ಕೇ ಸಿಗುತ್ತದೆ. ಅಪರೂಪದ್ದಾದರೆ ಒಳ್ಳೆಯದು ಸಿಗುವವರೆಗೆ ಜಾಗ ಕೊಡಿ. ನೀವು ಮಾತ್ರ ಯಾವುದನ್ನೂ ತೊಳೆಯಬೇಡಿ. ಕಪ್ಪಾದ ಬೆಳ್ಳಿ ಕಪ್ಪಾಗಿಯೇ ಇರಲಿ. ನಿಂಬೆಹುಳಿಯಲ್ಲಿ ಐದು ನಿಮಿಷ ಹಾಕಿದ ತಾಮ್ರಕ್ಕೆ ಮೊದಲಿನ ಮೈಬಣ್ಣ ಮತ್ತೆ ಬರುವುದಿಲ್ಲ.

ಲಂಬಾಣಿ ತಾಂಡಾಗಳ ಹಳೆಯ ಒಡವೆಗಳಲ್ಲಿ ರೂಪಾಯಿ, ಎಂಟಾಣೆ ಹೊಲಿದಿರುವುದನ್ನು ನೀವು ನೋಡಿರುತ್ತೀರಿ. ಸರಾಫರ ಅಂಗಡಿಗೆ ಅಂಥದ್ದು ಬಂದಾಗ ಒಡೆದು ನಾಣ್ಯ ಬೇರೆ ಮಾಡಿಸಿ ಕೊಳ್ಳಬೇಡಿ. ಅಲ್ಲಿ ಒಡವೆಯೇ ವಸ್ತು, ನಾಣ್ಯ ಅದರ ಒಂದು ಭಾಗ. ಇಡಿಯಾಗಿ ಕೊಳ್ಳಲು ಆಗದಿದ್ದರೆ ಬಿಟ್ಟುಬಿಡಿ.

ಒಂದೇ ನಾಣ್ಯ ಎರಡಿದ್ದರೆ? ಬಾಗಿಲಿನ ಅಕ್ಷರವೋ, ವರ್ಷವಾರು ಬೆಳೆಸುವ ಮುಖಬೆಲೆಯಾದರೆ ಪಟ್ಟದ ವರ್ಷವೋ ಬೇರೆಯಿದ್ದರೆ ಇಟ್ಟುಕೊಳ್ಳಿ. ಎರಡನೆಯದು ಮೊದಲಿನದಕ್ಕಿಂತ ಸ್ಪಷ್ಟವಾಗಿದ್ದರೆ ಅದನ್ನಿಟ್ಟು ಮೊದಲಿನದನ್ನು ಬಿಡಿ. ಬೇರೆ ಕಾರಣಕ್ಕೆ ಎರಡು ಬೇಡ.

ಇದಕ್ಕೊಂದು ವಿನಾಯಿತಿಯಿದೆ, ಅದು ಅಜ್ಜಿಯ ಟ್ರಂಕು. ಅದರಲ್ಲಿ ಸಿಕ್ಕವು ಯಾವುವೆಂದು ಇನ್ನೂ ಗುರುತಿಸಬಲ್ಲಿರಾದರೆ ಇವತ್ತೇ ಬೇರೆ ಮಾಡಿ. ಒಂದೇ ಥರದ್ದು ಹತ್ತಿದ್ದರೂ, ಸವೆದಿದ್ದರೂ, ತಿಕ್ಕಿದ್ದರೂ ಒಂದನ್ನೂ ತೆಗೆಯಬೇಡಿ. ಶಹಾಪುರದ ಒಂದು ಮನೆ ಯಾವ ಯಾವ ವರ್ಷದ ಹಣವನ್ನು ಕೂಡಿಟ್ಟಿತ್ತು, ಹಾಲಿ ಎಷ್ಟು, ಕಲದಾರ ಎಷ್ಟು ಎಂಬುದು ಆ ಗಂಟು ಒಟ್ಟಿಗೆ ಇದ್ದರೆ ಮಾತ್ರ ತಿಳಿಯುತ್ತದೆ. ಮೇಲೆ ನಾನು ಸೂಚಿಸಿದ ಇಡೀ ಸಂಗ್ರಹಕ್ಕಿಂತ ಇದರ ಬೆಲೆ ನನ್ನ ದೃಷ್ಟಿಯಲ್ಲಿ ದೊಡ್ಡದು. ಎಣಿಸಿ, ತೂಗಿ, ಎರಡೂ ಬದಿಯ ಫೋಟೋ ತೆಗೆದು, ಯಾರ ಟ್ರಂಕು, ಯಾವ ಓಣಿ, ಯಾವಾಗ ತೆರೆದದ್ದು ಎಂದು ಬರೆದಿಡಿ. ಟ್ರಂಕಿನ ಬಗ್ಗೆ ಬಲ್ಲ ಹಿರಿಯರು ಇದ್ದರೆ ಕೇಳಿ ಅದನ್ನೂ ಸೇರಿಸಿ.

ಓದಲು ಬಾರದ ತಾಮ್ರದ ಬಿಲ್ಲೆಗಳು ನಿಮ್ಮ ವಾಕ್ಯದ ಹೊರಗೆ ಬೀಳುತ್ತವೆ, ಆದರೆ ಅವನ್ನು ಮಾರಬೇಡಿ. ಅಂಗಡಿಯಲ್ಲಿ ಕೊಂಡವಾದರೆ ಬೇರೆ ಡಬ್ಬಿಯಲ್ಲಿಡಿ. ನಮ್ಮ ಸೀಮೆಯಲ್ಲಿ ದಪ್ಪನೆಯ, ಅಂಚು ಒರಟಾದ, ಅರಬ್ಬಿ ಅಕ್ಷರ ತುಂಬಿದ ತಾಮ್ರವೆಂದರೆ ಬಹುಪಾಲು ಬಹಮನಿ, ಬರೀದ್ ಶಾಹಿ ಅಥವಾ ಆದಿಲ್ ಶಾಹಿ. ಅಲಾವುದ್ದೀನ್ ಹಸನ್ ಬಹಮನ್ ಶಾಹ 1347ರಲ್ಲಿ ಕಟ್ಟಿದ ರಾಜ್ಯದ ಟಂಕಸಾಲೆ ಅಹಸನಾಬಾದ್, ಅಂದರೆ ಕಲಬುರಗಿ. ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಮುಹಮ್ಮದಾಬಾದ್. ಔರಂಗಜೇಬನ ಕಾಲದಲ್ಲಿ ಬೀದರಿಗೆ ಜಫರಾಬಾದ್ ಎಂದೂ ಯಾದಗಿರಿಗೆ ಫಿರೋಜಗಢ ಎಂದೂ ಹೆಸರಾಯಿತು.

ಇಲ್ಲಿ ಆಯ್ಕೆಯ ನಿಯಮವೇ ತಿರುಗಿಬೀಳುತ್ತದೆ. ಯಂತ್ರದ ನಾಣ್ಯದಲ್ಲಿ ಸ್ಥಿತಿ ಮುಖ್ಯ, ಬಹಮನಿಯಲ್ಲಿ ಓದಲು ಬರುವುದೇ ಮುಖ್ಯ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಅಂಚಿನ ಸುತ್ತ ಬರೆದ ಊರಿನ ಹೆಸರು, ವರ್ಷ ಬಹಳ ಸಲ ಬಿಲ್ಲೆಯ ಹೊರಗೇ ಉಳಿದಿರುತ್ತದೆ. ಆದ್ದರಿಂದ ಸುಮಾರು 11 ಗ್ರಾಮಿನ ಬೆಳ್ಳಿ ಟಂಕದಲ್ಲಿ ನಡು ಹೊಳೆಯುತ್ತಿದ್ದು ಅಂಚಿನಲ್ಲಿ ಏನೂ ಇಲ್ಲದ್ದಕ್ಕಿಂತ, ಸವೆದಿದ್ದರೂ ‘ಅಹಸನಾಬಾದ್’ ಎಂದು ಓದಿಸಿಕೊಳ್ಳುವುದನ್ನು ಬಲ್ಲವರು ಆರಿಸುತ್ತಾರೆ. ತಾಮ್ರದಲ್ಲಿ ಎಷ್ಟೋ ವೇಳೆ ವರ್ಷವೇ ಇರುವುದಿಲ್ಲ. ಬಿರುದು, ತೂಕ ಎರಡನ್ನೂ ಹೊಂದಿಸಿ ದೊರೆಯನ್ನು ಗುರುತಿಸಬೇಕು. ಕೊನೆಗಾಲದ ಬಹಮನಿ ಸುಲ್ತಾನ ಕಲೀಮುಲ್ಲಾನ ಹೆಸರಿನ ತಾಮ್ರ ಧಾರಾಳವಾಗಿ ಸಿಗುತ್ತದೆ, ಅದರಿಂದಲೇ ಓದಲು ಕಲಿಯಿರಿ. ಸುಲ್ತಾನರ ನಾಣ್ಯಗಳಿಗೆ ಗೊರೋನ್ ಮತ್ತು ಗೋಯೆಂಕಾ ಅವರು 2001ರಲ್ಲಿ ತಂದ ಕ್ಯಾಟಲಾಗ್‌ನ ಸಂಖ್ಯೆಯನ್ನೇ ಎಲ್ಲರೂ ಬಳಸುವುದು. ಆ ಸಂಖ್ಯೆ ಹಾಕಲು ಬರುವವರೆಗೆ ಹೊಸದಾಗಿ ತಾಮ್ರ ಕೊಳ್ಳಬೇಡಿ. ನಿಮ್ಮ ಶಾಲೆಯಲ್ಲಿ ಉರ್ದು ಶಿಕ್ಷಕರಿದ್ದರೆ ಅಕ್ಷರ ಬಿಡಿಸಲು ಅವರ ಜೊತೆ ಕೂಡಿ. ಎರಡು ಸಂಜೆ ಸಾಕು, ಸುಲ್ತಾನ್, ಶಾಹ, ಬಿನ್, ಅಹ್ಮದ್, ಮಹಮೂದ್ ಕಣ್ಣಿಗೆ ಹತ್ತುತ್ತವೆ.

ಡಬ್ಬಿಯಲ್ಲಿ ಯಾವುದಾದರೂ ತಾಮ್ರದ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ತಕ್ಷಣ ಬೇರೆಯಿಡಿ. ಗಟ್ಟಿಯಾಗಿ ಹಿಡಿದ ಕಡುಹಸಿರು ಪದರಕ್ಕೆ ಹೆದರಬೇಕಿಲ್ಲ. ಪುಡಿಯಾದರೆ ಅದು ಉಪ್ಪಿನಂಶದಿಂದ ಲೋಹ ತಿನ್ನುವ ರೋಗ, ತೇವ ಸಿಕ್ಕಷ್ಟೂ ಒಳಗೆ ಇಳಿಯುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕೆಲವು ವಾರ ದಿನಕ್ಕೊಮ್ಮೆ ನೀರು ಬದಲಿಸಿ, ಚೆನ್ನಾಗಿ ಒಣಗಿಸಿ ಸಿಲಿಕಾ ಜೆಲ್ ಜೊತೆ ಇಡುವುದು ಮನೆಯಲ್ಲಿ ಮಾಡಬಹುದಾದ ಉಪಾಯ.

ರಾಮ ದರ್ಬಾರ್ ನಾಣ್ಯ ನಾಣ್ಯವಲ್ಲ. ಈಸ್ಟ್ ಇಂಡಿಯಾ ಕಂಪನಿ 1818ರಲ್ಲಾಗಲಿ ಬೇರೆ ವರ್ಷದಲ್ಲಾಗಲಿ ರಾಮ, ಹನುಮಂತ, ಲಕ್ಷ್ಮಿಯರ ಚಿತ್ರದ ಅರ್ಧ ಆಣೆ ಹೊರಡಿಸಿಲ್ಲ. 1616, 1717 ಎಂದು ಅಚ್ಚಾದವೂ ಇದೇ ಜಾತಿ, ಇತ್ತೀಚಿನ ಕಾಲದಲ್ಲಿ ಮಾರಾಟಕ್ಕೆಂದೇ ಮಾಡಿದವು. ದೇವಸ್ಥಾನಗಳ ರಾಮಟಂಕಗಳು ಬೇರೆ, ಅವು ಭಕ್ತಿಯ ಮುದ್ರೆಗಳು, ಚಲಾವಣೆಯ ಹಣವಲ್ಲ. ಪೂಜೆಗೆ ಇಟ್ಟುಕೊಳ್ಳಿ, ಸಂಗ್ರಹಕ್ಕೆ ಬೇಡ. ಎರಕದ ನಕಲಿಗಳನ್ನು ಗುರುತಿಸುವುದು ಅಂಚಿನಲ್ಲಿ. ಸುತ್ತಲೂ ಕೂಡುಗೆರೆ, ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಕರಗಿದಂತೆ ಮೊಂಡಾದ ಅಕ್ಷರಗಳು ಇದ್ದರೆ ಅದು ಅಚ್ಚೊತ್ತಿದ್ದಲ್ಲ. ಕಲದಾರಗಳಲ್ಲಿ 1939ರ ಆರನೇ ಜಾರ್ಜ್ ರೂಪಾಯಿ ನಿಜಕ್ಕೂ ಅಪರೂಪ. ಅದಕ್ಕೇ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡುತ್ತಾರೆ. ಕೊನೆಯ ಅಂಕಿಯ ಸುತ್ತ ಮೈ ಗೀಚಿದಂತಿದ್ದರೆ ಬಿಟ್ಟುಬಿಡಿ.

ಹೊಸ ಹತ್ತು ರೂಪಾಯಿ, ಗಲ್ಫ್ ನಾಣ್ಯಗಳು ನಿಮ್ಮ ಎಲ್ಲೆಯ ಹೊರಗೆ. 2012ರ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಎಂಬ ಸಂದೇಶಗಳನ್ನು ನಂಬಬೇಡಿ. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಪುಟ ಬೇಕೆಂದರೆ ವರ್ಷದ ಕೆಳಗಿನ ಗುರುತುಗಳದ್ದು ಮಾಡಿ: ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಹೈದರಾಬಾದ್, ಚುಕ್ಕೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಆರಿಸಿಕೊಂಡ ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯಿರಿ. ದೊರೆ, ಮುಖಬೆಲೆ, ಎರಡೂ ವರ್ಷ, ತೂಕ, ಅಡ್ಡಳತೆ, ಯಾರಿಂದ, ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು ಇಷ್ಟೂ ಅದರಲ್ಲಿರಲಿ. ನಾಣ್ಯವನ್ನು ಮೈಲಾರ್ ಕಿಟಕಿಯ ಎರಡಿಂಚು ಚೌಕದ ಹೋಲ್ಡರಿನಲ್ಲಿಡಿ. ಮೆತ್ತಗಿನ ಪಿವಿಸಿ ಜೇಬುಗಳ ಅಗ್ಗದ ಆಲ್ಬಮ್ ಬೇಡ. ನಮ್ಮ ಬೇಸಿಗೆಯ ನಲವತ್ತು ಡಿಗ್ರಿಯಲ್ಲಿ ಆ ಪ್ಲಾಸ್ಟಿಕ್ ಬೇಗ ಕೆಟ್ಟು ನಾಣ್ಯದ ಮೇಲೆ ಹಸಿರು ಜಿಗುಟು ಬಿಡುತ್ತದೆ. ತಗಡಿನ ಛಾವಣಿಯ ಕೋಣೆಯಲ್ಲೂ ಅಟ್ಟದ ಮೇಲೂ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಿ.

ಉಳಿದ ನಾಣ್ಯಗಳನ್ನು ಬೇರೆ ಸಂಗ್ರಾಹಕರೊಡನೆ ವಿನಿಮಯ ಮಾಡಿಕೊಳ್ಳಿ, ನಿಮ್ಮ ಖಾಲಿ ಮನೆಗಳಿಗೆ ಬೇಕಾದ್ದು ಅಲ್ಲೇ ಸಿಗುತ್ತದೆ. ಬೆಳ್ಳಿ ಬೆಲೆ ಏರಿತೆಂದು ಕರಗಿಸುವವರಿಗೆ ಕೊಡಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ಅಂಚೆಯಲ್ಲಾಗಲಿ ಹೋಗುವವರ ಕೈಯಲ್ಲಾಗಲಿ ಹೊರದೇಶಕ್ಕೆ ಕಳಿಸುವಂತಿಲ್ಲ, 1972ರ ಪುರಾತನ ವಸ್ತುಗಳ ಕಾಯ್ದೆ ಅದನ್ನು ತಡೆಯುತ್ತದೆ. ನಿಮ್ಮ ಚಾರ್‌ಮಿನಾರ್ ರಾಶಿಯಲ್ಲಿ ಮೀಮ್ ಬಾಗಿಲಿನವೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಐನ್ ಬಾಗಿಲಿನವಾದರೆ ಹಿಜರಿ ವರ್ಷ ಲೆಕ್ಕ ಹಾಕಿ ನೋಡಿ.